ಎಲ್ಲರಿಗೂ ಒಂದೇ ಕೋಲು

1994ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಒಂದು ಕಾನೂನು ಅಲ್ಲಿನ ಶಾಲೆಗಳ ವಾತಾವರಣವನ್ನೇ ಬದಲಿಸಿತು. ಅದರ ಹೆಸರು ಗನ್-ಫ್ರೀ ಸ್ಕೂಲ್ಸ್ ಆ್ಯಕ್ಟ್. ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಕನಿಷ್ಠ ಒಂದು ವರ್ಷ ಹೊರಹಾಕುವಂಥ ಕಾನೂನನ್ನು ಪ್ರತಿ ರಾಜ್ಯವೂ ಮಾಡಿಕೊಳ್ಳಬೇಕು, ಇಲ್ಲವಾದರೆ ಕೇಂದ್ರದ ಶಿಕ್ಷಣ ಅನುದಾನ ಸಿಗದು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಇದರ ಬೆನ್ನಿಗೇ ಬರುವ ಇನ್ನೊಂದು ಮಾತನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆಯಾ ಶಾಲಾ ಜಿಲ್ಲೆಯ ಮುಖ್ಯಾಧಿಕಾರಿ ಒಂದೊಂದು ಪ್ರಕರಣವನ್ನೂ ಬಿಡಿಬಿಡಿಯಾಗಿ ನೋಡಿ ಈ ಶಿಕ್ಷೆಯನ್ನು ಮಾರ್ಪಡಿಸುವುದಕ್ಕೆ ರಾಜ್ಯದ ಕಾನೂನಿನಲ್ಲಿ ಅವಕಾಶ ಇರಲೇಬೇಕು ಎಂಬ ಮಾತು ಅದು. ಮಗು ಯಾರು, ವಯಸ್ಸೆಷ್ಟು, ಆದದ್ದೇನು ಎಂದು ವಿಚಾರಿಸುವ ಬಾಗಿಲನ್ನು ಆ ಕಾನೂನು ಮುಚ್ಚಿರಲಿಲ್ಲ.

ಅಮೆರಿಕದ ಶಾಲೆಗಳ ಕಠಿಣ ಶಿಸ್ತಿನ ಬಗ್ಗೆ ವಿಶ್ವಕೋಶದಲ್ಲಿ ಲೇಖನ ಸಿಕ್ಕಿದಾಗ ನಾನು ಮೊದಲು ಹುಡುಕುವುದು ಈ ಮಾತನ್ನೇ. ಅದಿದ್ದರೆ ಬರೆದವರು ಕಾನೂನನ್ನು ಓದಿದ್ದಾರೆಂದು ಅರ್ಥ. ಇಲ್ಲದಿದ್ದರೆ ಕಾನೂನಿನ ಸುತ್ತ ಹುಟ್ಟಿಕೊಂಡ ಸುದ್ದಿಯನ್ನಷ್ಟೇ ಓದಿದ್ದಾರೆ.

ಈ ಧೋರಣೆಯನ್ನು ಅವರು ಝೀರೋ ಟಾಲರೆನ್ಸ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ಶೂನ್ಯ ಸಹಿಷ್ಣುತೆ ಎಂದು ಬರೆಯುತ್ತವೆ. ತಪ್ಪು ಯಾವುದೆಂದು ಮೊದಲೇ ಹೇಳಿಬಿಡುವುದು, ಅದಕ್ಕೆ ಶಿಕ್ಷೆಯನ್ನೂ ಮೊದಲೇ ಗೊತ್ತುಮಾಡುವುದು, ಆಮೇಲೆ ಯಾರೇ ಮಾಡಲಿ, ಯಾವ ಸಂದರ್ಭದಲ್ಲೇ ಮಾಡಲಿ, ಅದೇ ಶಿಕ್ಷೆ. ಶಿಕ್ಷೆಯೆಂದರೆ ಬಹುಮಟ್ಟಿಗೆ ಸಸ್ಪೆನ್ಷನ್, ಅಂದರೆ ಕೆಲವು ದಿನ ಶಾಲೆಗೆ ಬರಬೇಡ ಎನ್ನುವುದು. ಅದಕ್ಕೂ ಮಿಗಿಲಾದದ್ದು ಉಚ್ಚಾಟನೆ. ನಮ್ಮ ಶಾಲೆಗಳಲ್ಲಿ ಹೆಡ್‌ಮಾಸ್ಟರು ‘ಟಿ.ಸಿ. ಕೊಟ್ಟು ಕಳಿಸಿಬಿಡ್ತೀನಿ’ ಎಂದು ಗದರುತ್ತಾರಲ್ಲ, ಆ ಗದರಿಕೆಗೆ ಅಲ್ಲಿ ಕೈಪಿಡಿಯ ರೂಪ ಸಿಕ್ಕಿತು. ಹೊಸದಾಗಿ ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡದ ಕುಟುಂಬವೂ ಶಾಲೆಯ ವರ್ಷ ಶುರುವಾಗುವಾಗ ಅಂಥದೊಂದು ನಡತೆಯ ಕೈಪಿಡಿಯನ್ನು ಓದಿದ್ದೇವೆಂದು ಸಹಿ ಮಾಡಿಕೊಡಬೇಕಾಗುತ್ತದೆ. ಅದರ ಹಿನ್ನೆಲೆಯೇನೆಂದು ತಿಳಿಯಬೇಕೆನ್ನುವ ತಂದೆತಾಯಿ ಫೋನಿನಲ್ಲಿ ಹುಡುಕಿದರೆ ಮೊದಲು ಎದುರಾಗುವುದು ವಿಕಿಪೀಡಿಯ. ಆ ಪುಟ ಚೆನ್ನಾಗಿರಬೇಕು ಎಂದು ನಾನು ಬಯಸುವುದು ಅವರಿಗಾಗಿ.

ವಿಕಿಪೀಡಿಯದ ಪುಟ ಇವತ್ತಿದ್ದಂತೆ ನಾಳೆ ಇರುವುದಿಲ್ಲ, ಯಾರು ಬೇಕಾದರೂ ತಿದ್ದಬಹುದು. ಹಾಗಾಗಿ ಇಂದಿನ ಪುಟದ ಸಾಲುಗಳನ್ನು ಹಿಡಿದು ಅಂಕ ಕೊಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಆ ವಿಶ್ವಕೋಶ ತಾನೇ ಹಾಕಿಕೊಂಡ ಮೂಲ ನಿಯಮಗಳು ಮೂರು: ನಿಷ್ಪಕ್ಷಪಾತ ನಿಲುವು, ಪರಿಶೀಲಿಸಬಲ್ಲ ಆಧಾರ, ಬರೆಯುವವರ ಸ್ವಂತ ಸಂಶೋಧನೆಗೆ ಜಾಗವಿಲ್ಲ ಎಂಬ ಕಟ್ಟುಪಾಡು. ಈ ವಿಷಯದಲ್ಲಿ ಆ ಮೂರನ್ನೂ ಪಾಲಿಸುವುದೆಂದರೆ ಏನು ಎಂಬುದು ನನ್ನ ಪ್ರಶ್ನೆ. ನಿಷ್ಪಕ್ಷಪಾತ ಎಂಬ ಮಾತೇ ಇಲ್ಲಿ ಎರಡು ಕಡೆ ಕೆಲಸ ಮಾಡುತ್ತದೆ. ಎಲ್ಲ ಮಕ್ಕಳಿಗೂ ಒಂದೇ ಶಿಕ್ಷೆ ಕೊಟ್ಟರೆ ನ್ಯಾಯವಾಯಿತು ಎಂದು ಶಾಲೆ ಭಾವಿಸಿತು. ಎರಡೂ ಕಡೆಯ ವಾದಕ್ಕೆ ಒಂದೇ ಅಳತೆಯ ಜಾಗ ಕೊಟ್ಟರೆ ನ್ಯಾಯವಾಯಿತು ಎಂದು ಲೇಖಕ ಭಾವಿಸುವ ಸಾಧ್ಯತೆಯಿದೆ. ಇಬ್ಬರದೂ ಒಂದೇ ತಪ್ಪು ಎಂದು ನನಗೆ ಅನ್ನಿಸಿದೆ.

ಇತಿಹಾಸದಿಂದಲೇ ಶುರುಮಾಡೋಣ. ಆ ಪದ ಶಾಲೆಯಲ್ಲಿ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಮಾದಕ ವಸ್ತುಗಳ ವಿರುದ್ಧ ರೇಗನ್ ಸರ್ಕಾರ ಸಾರಿದ ಸಮರದಲ್ಲಿ ಅದು ಬಳಕೆಗೆ ಬಂತು. 1988ರಲ್ಲಿ ಅಮೆರಿಕದ ಸುಂಕ ಇಲಾಖೆ, ಗಡಿಯಲ್ಲಿ ಚಿಟಿಕೆಯಷ್ಟು ಗಾಂಜಾ ಸಿಕ್ಕರೂ ಇಡೀ ದೋಣಿಯನ್ನೋ ಕಾರನ್ನೋ ಮುಟ್ಟುಗೋಲು ಹಾಕಿಕೊಳ್ಳತೊಡಗಿತು. ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಹಡಗೊಂದು ಕೂಡ ಸ್ಯಾನ್ ಡಿಯಾಗೋದಲ್ಲಿ ಹೀಗೆ ಸಿಕ್ಕಿಬಿತ್ತು. ಕೂಗೆದ್ದಿತು, ಒಂದೆರಡು ವರ್ಷದಲ್ಲೇ ಇಲಾಖೆ ತನ್ನ ಪಟ್ಟನ್ನು ಸಡಿಲಿಸಿತು. ಸುಂಕದವರು ಕೈಬಿಡುತ್ತಿದ್ದ ಆ ಹೊತ್ತಿಗೇ ಶಾಲೆಗಳು ಅದನ್ನು ಕೈಗೆತ್ತಿಕೊಂಡವು. ದೋಣಿಗೆ ಮಾಡಿದ ನಿಯಮ ಮಕ್ಕಳಿಗೆ ಬಂದ ಬಗೆ ಇದು. ಇದನ್ನು ಹೇಳದ ಲೇಖನದಲ್ಲಿ ಆ ಪದ ಎಲ್ಲಿಂದಲೋ ಉದುರಿದಂತೆ ಕಾಣುತ್ತದೆ.

ಇದಕ್ಕೆ ಜೊತೆಯಾಗಿ ಇನ್ನೊಂದು ವಿಚಾರವೂ ಹಬ್ಬಿತ್ತು. 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲಿಂಗ್ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದ ತಿರುಳು ಇದು: ಒಡೆದ ಕಿಟಕಿಯನ್ನು ಹಾಗೇ ಬಿಟ್ಟರೆ ಉಳಿದ ಕಿಟಕಿಗಳೂ ಒಡೆಯುತ್ತವೆ, ಸಣ್ಣ ಅವ್ಯವಸ್ಥೆಯನ್ನು ಸಹಿಸಿದರೆ ದೊಡ್ಡ ಅಪರಾಧಕ್ಕೆ ಆಹ್ವಾನ ಕೊಟ್ಟಂತೆ. ಆ ಮಾತು ಬೀದಿಯನ್ನು, ನೆರೆಹೊರೆಯನ್ನು, ಪೊಲೀಸರನ್ನು ಕುರಿತದ್ದು. ಬೀದಿಯಲ್ಲಿ ಕಿಟಕಿ ಒಡೆದವನು ಮತ್ತು ತರಗತಿಯಲ್ಲಿ ಎದುರುತ್ತರ ಕೊಟ್ಟ ಹನ್ನೆರಡರ ಹುಡುಗಿ ಒಂದೇ ಎನ್ನುವುದಕ್ಕೆ ಬೇರೆ ಆಧಾರ ಬೇಕು.

ಕಾಲದ ಕ್ರಮವನ್ನೂ ಗಮನಿಸಬೇಕು. ಕೊಲಂಬೈನ್ ಹೈಸ್ಕೂಲಿನ ಹತ್ಯೆಗಳು ನಡೆದದ್ದು 1999ರ ಏಪ್ರಿಲ್ 20ರಂದು. 12 ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ ಸತ್ತರು. ಆ ದುರಂತವೇ ಈ ನೀತಿಗೆ ಮೂಲ ಎಂದು ಎಷ್ಟೋ ಕಡೆ ಓದಿದ್ದೇನೆ. ಕಾನೂನು ಅದಕ್ಕಿಂತ ಸುಮಾರು ಐದು ವರ್ಷ ಹಳೆಯದು. ಹದಿಹರೆಯದವರ ಹಿಂಸಾಪರಾಧಗಳು ಉತ್ತುಂಗಕ್ಕೇರಿದ್ದು 1990ರ ದಶಕದ ಮೊದಲ ಭಾಗದಲ್ಲಿ. ಆಗಿನ ಭಯಕ್ಕೆ ಕಾರಣವಿತ್ತು, ತಂದೆತಾಯಿಗಳ ಆತಂಕ ಸುಳ್ಳಾಗಿರಲಿಲ್ಲ. ಕೊಲಂಬೈನ್ ನಡೆಯುವ ಹೊತ್ತಿಗೆ ಆ ಅಪರಾಧಗಳು ಇಳಿಮುಖವಾಗಿದ್ದವು, ಭಯ ಮಾತ್ರ ಏರಿತು. ಬಂದೂಕಿಗೆಂದು ಬಂದ ನಿಯಮ ಚಾಕುವಿಗೆ, ಗುಳಿಗೆಗೆ, ಜಗಳಕ್ಕೆ, ಕೊನೆಗೆ ಅವಿಧೇಯತೆಗೂ ಹರಡಿತು. ಕಾನೂನು ಕೇಳಿದ್ದಕ್ಕಿಂತ ಬಹಳ ದೂರಕ್ಕೆ ಶಾಲೆಗಳು ತಾವಾಗಿಯೇ ನಡೆದುಹೋದವು.

ಇನ್ನು, ಇಂಥ ಲೇಖನಗಳಿಗೆ ತುಂಬ ಪ್ರಿಯವಾದ ಘಟನೆಗಳ ವಿಷಯ. 2009ರಲ್ಲಿ ಡೆಲವೇರ್ ರಾಜ್ಯದ ನೆವಾರ್ಕ್ ಊರಿನಲ್ಲಿ ಆರು ವರ್ಷದ ಹುಡುಗ ಸ್ಕೌಟ್‌ನವರ ಮಡಚುವ ಊಟದ ಸಾಧನವೊಂದನ್ನು ಶಾಲೆಗೆ ತಂದ. ಚಮಚ, ಫೋರ್ಕ್, ಚಾಕು ಮೂರೂ ಒಂದರಲ್ಲೇ. ಮಧ್ಯಾಹ್ನದ ಊಟಕ್ಕೆ ಬಳಸುವ ಹುಮ್ಮಸ್ಸು ಅವನದು. ಚಾಕು ನಿಷಿದ್ಧ, ಉದ್ದೇಶ ಕೇಳುವಂತಿಲ್ಲ. ಅವನಿಗೆ 45 ದಿನ ಸುಧಾರಣಾ ಶಾಲೆಯ ಶಿಕ್ಷೆ ಬಿತ್ತು. ದೇಶವೇ ಬೆಚ್ಚಿತು. ಶಾಲಾ ಮಂಡಳಿ ಕೆಲವೇ ದಿನಗಳಲ್ಲಿ ಚಿಕ್ಕ ಮಕ್ಕಳ ಮಟ್ಟಿಗೆ ನಿಯಮ ಬದಲಿಸಿತು.

ಈ ಘಟನೆ ಲೇಖನದಲ್ಲಿ ಇರಬಾರದೆಂದಲ್ಲ. ನಿಯಮ ಕಣ್ಣು ಮುಚ್ಚಿಕೊಂಡರೆ ಏನಾಗುತ್ತದೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಆದರೆ ಇಂಥವೇ ಹತ್ತು ಹನ್ನೆರಡನ್ನು ಸಾಲಾಗಿ ಪೋಣಿಸಿದರೆ ಓದುಗನ ಮನಸ್ಸಿನಲ್ಲಿ ತಪ್ಪು ಚಿತ್ರ ಕೂರುತ್ತದೆ. ಒಳ್ಳೆಯ ಮಗುವೊಂದು ಅರಿಯದೆ ಏನೋ ತಂದಿತು, ಮೂಢ ಅಧಿಕಾರಿ ಪುಸ್ತಕ ನೋಡಿ ಶಿಕ್ಷೆ ಕೊಟ್ಟ, ಸಮಸ್ಯೆಯೆಲ್ಲ ಇಷ್ಟೇ ಎಂದು ಅನ್ನಿಸತೊಡಗುತ್ತದೆ. ಸುದ್ದಿಯ ಸ್ವಭಾವವೇ ಹಾಗೆ, ಅದು ನಿರಪರಾಧಿಯನ್ನೇ ಆರಿಸಿಕೊಳ್ಳುತ್ತದೆ. ‘ಮಾತು ಕೇಳಲಿಲ್ಲ’ ಎಂಬ ಕಾರಣಕ್ಕೆ ಮೂರು ದಿನ ಮನೆಯಲ್ಲಿ ಕೂತ ಹುಡುಗನ ಬಗ್ಗೆ ಯಾವ ಪತ್ರಿಕೆಯೂ ಬರೆಯುವುದಿಲ್ಲ, ಮಂಡಳಿಯೂ ತುರ್ತು ಸಭೆ ಕರೆಯುವುದಿಲ್ಲ. ಅಂಥವರು ಲಕ್ಷಗಟ್ಟಲೆ ಇದ್ದಾರೆ.

ಇನ್ನೊಂದು ಬೆರಕೆಯನ್ನೂ ಇಲ್ಲೇ ಹೇಳಬೇಕು. ಅರಿಜೋನಾದ ಸ್ಯಾಫರ್ಡ್‌ನಲ್ಲಿ ನೋವಿನ ಮಾತ್ರೆ ಬಚ್ಚಿಟ್ಟುಕೊಂಡಿದ್ದಾಳೆ ಎಂಬ ಗುಮಾನಿಯ ಮೇಲೆ 13 ವರ್ಷದ ಹುಡುಗಿಯ ಬಟ್ಟೆ ಬಿಚ್ಚಿಸಿ ಹುಡುಕಿದರು. ಏನೂ ಸಿಗಲಿಲ್ಲ. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಶೋಧ ಸಂವಿಧಾನಬಾಹಿರ ಎಂದು ಎಂಟು ನ್ಯಾಯಮೂರ್ತಿಗಳ ಬಹುಮತದಿಂದ ತೀರ್ಪಿತ್ತಿತು. ಓದಿದರೆ ಮೈ ಉರಿಯುತ್ತದೆ. ಆದರೂ ಅದು ಶೋಧದ ಮಿತಿಯನ್ನು ಕುರಿತ ತೀರ್ಪು, ಶಿಕ್ಷೆಯನ್ನು ಕುರಿತದ್ದಲ್ಲ. ಶಿಕ್ಷೆಯ ವಿಷಯಕ್ಕೆ ನಿಜವಾಗಿ ಸಲ್ಲುವುದು 1975ರ ಗಾಸ್ ವಿರುದ್ಧ ಲೋಪೆಜ್ ತೀರ್ಪು. ಸಸ್ಪೆಂಡ್ ಮಾಡುವ ಮುನ್ನ ಆರೋಪವೇನೆಂದು ತಿಳಿಸಿ, ವಿದ್ಯಾರ್ಥಿಯ ಮಾತನ್ನು ಕೇಳಬೇಕು ಎಂದು ಕೋರ್ಟು ಆಗಲೇ ಹೇಳಿತ್ತು. ಕೋಪ ಬರಿಸುವ ಪ್ರಕರಣವನ್ನು ಮುಂದೆ ಇಟ್ಟು, ವಿಷಯಕ್ಕೆ ಸಂಬಂಧಪಟ್ಟದ್ದನ್ನು ಬಿಟ್ಟರೆ ಅದು ವಿಶ್ವಕೋಶಕ್ಕೆ ತಕ್ಕದ್ದಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಹೃದಯ ಇರುವುದು ಟೆಕ್ಸಸ್‌ನ ಒಂದು ಅಧ್ಯಯನದಲ್ಲಿ. ಕೌನ್ಸಿಲ್ ಆಫ್ ಸ್ಟೇಟ್ ಗವರ್ನಮೆಂಟ್ಸ್‌ನ ನ್ಯಾಯ ಕೇಂದ್ರ ಮತ್ತು ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಅದನ್ನು ಪ್ರಕಟಿಸಿದರು. ಏಳನೇ ತರಗತಿಯಲ್ಲಿದ್ದ ಸುಮಾರು ಹತ್ತು ಲಕ್ಷ ಮಕ್ಕಳ ದಾಖಲೆಗಳನ್ನು ಕನಿಷ್ಠ ಆರು ವರ್ಷ ಹಿಂಬಾಲಿಸಿದ ಅಧ್ಯಯನ ಅದು. ಆಯ್ದ ಮಾದರಿಯಲ್ಲ, ಆ ವರ್ಷಗಳಲ್ಲಿ ಸರ್ಕಾರಿ ಶಾಲೆಯ ಏಳನೇ ತರಗತಿಗೆ ಬಂದ ಮಕ್ಕಳೆಲ್ಲರ ಲೆಕ್ಕ. ಸುಮಾರು 60 ಪ್ರತಿಶತ ಮಕ್ಕಳು ಹನ್ನೆರಡನೇ ತರಗತಿ ಮುಗಿಯುವುದರೊಳಗೆ ಒಂದು ಸಲವಾದರೂ ಸಸ್ಪೆನ್ಷನ್ ಅಥವಾ ಉಚ್ಚಾಟನೆಗೆ ಒಳಗಾಗಿದ್ದರು. ಆ ಶಿಕ್ಷೆಗಳಲ್ಲಿ ಕಾನೂನು ಕಡ್ಡಾಯ ಮಾಡಿದ್ದವು ಎಷ್ಟು ಗೊತ್ತೆ? ಕೇವಲ 3 ಪ್ರತಿಶತ. ಉಳಿದವೆಲ್ಲ ಶಾಲೆಯವರು ತಮ್ಮ ವಿವೇಚನೆಯಿಂದ ಕೊಟ್ಟವು.

ಈ ಅಂಕಿಯ ಮೇಲೆ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ವಿವೇಚನೆಗೆ ಜಾಗವಿಲ್ಲ ಎನ್ನುವುದು ಈ ನೀತಿಯ ಹೆಗ್ಗಳಿಕೆ. ವಿವೇಚನೆ ಇಲ್ಲದ್ದೇ ಅದರ ದೋಷ ಎನ್ನುವುದು ಟೀಕಾಕಾರರ ವಾದ. ಇಬ್ಬರೂ ಅದು ಹೋಗಿಬಿಟ್ಟಿದೆ ಎಂದೇ ಒಪ್ಪಿಕೊಂಡಿದ್ದಾರೆ. ದಾಖಲೆ ಹೇಳುವುದು ಬೇರೆ: ವಿವೇಚನೆ ಎಲ್ಲಿಗೂ ಹೋಗಿರಲಿಲ್ಲ. ಯಾವ ನಡತೆಯನ್ನು ತಪ್ಪೆಂದು ಬರೆದುಕೊಳ್ಳಬೇಕು, ಯಾವುದನ್ನು ಕಂಡೂ ಕಾಣದಂತೆ ಬಿಡಬೇಕು, ಯಾರ ದನಿ ಏರಿದರೆ ಹುಡುಗಾಟ, ಯಾರದು ಏರಿದರೆ ಬೆದರಿಕೆ ಎಂದು ತೀರ್ಮಾನಿಸುವ ಆ ಮೊದಲ ಕ್ಷಣಕ್ಕೆ ಅದು ಸರಿದುಕೊಂಡಿತ್ತು. ಅಲ್ಲಿ ಅದಕ್ಕೆ ಹೆಸರಿಲ್ಲ, ಹೊಣೆಯಿಲ್ಲ, ಮೇಲ್ಮನವಿಯೂ ಇಲ್ಲ. ಆ ಮೊದಲ ನೋಟ ಮುಗಿದ ಮೇಲಷ್ಟೇ ‘ನಿಯಮ ನಿಯಮವೇ’ ಎಂಬ ಮಾತು ಕೇಳಿಬರುತ್ತದೆ.

ಆ ಮೊದಲ ನೋಟದಲ್ಲಿ ಏನಿತ್ತು ಎಂಬುದನ್ನೂ ಟೆಕ್ಸಸ್ ಅಧ್ಯಯನ ತೋರಿಸಿತು. 80ಕ್ಕೂ ಹೆಚ್ಚು ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಉಳಿದೆಲ್ಲದರಲ್ಲೂ ಒಂದೇ ಸಮನಾಗಿರುವ ಬಿಳಿಯ ಮಗುವಿನ ಪಕ್ಕದಲ್ಲಿಟ್ಟು ನೋಡಿದಾಗ, ಶಾಲೆಯ ವಿವೇಚನೆಗೆ ಬಿಟ್ಟ ಶಿಕ್ಷೆ ಕಪ್ಪು ಜನಾಂಗದ ಮಗುವಿಗೆ ಬೀಳುವ ಸಂಭವ 31 ಪ್ರತಿಶತ ಹೆಚ್ಚಿತ್ತು. ಕಾನೂನು ಕಡ್ಡಾಯ ಮಾಡಿದ ಗಂಭೀರ ತಪ್ಪುಗಳಲ್ಲಿ ಇಂಥ ಹೆಚ್ಚಳ ಕಾಣಲಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ರಸೆಲ್ ಸ್ಕಿಬಾ ಇದಕ್ಕೂ ಮೊದಲೇ ಒಂದು ನಗರದ ಶಾಲೆಗಳಲ್ಲಿ ಇದೇ ಜಾಡು ಹಿಡಿದಿದ್ದರು. ಬಿಳಿಯ ಮಕ್ಕಳನ್ನು ಹೆಚ್ಚಾಗಿ ಆಫೀಸಿಗೆ ಕಳಿಸಿದ್ದು ಸಿಗರೇಟು ಸೇದಿದ್ದಕ್ಕೆ, ಶಾಲೆಯ ಸ್ವತ್ತು ಹಾಳುಮಾಡಿದ್ದಕ್ಕೆ, ಹೇಳದೆ ಹೊರಗೆ ಹೋದದ್ದಕ್ಕೆ. ಕಪ್ಪು ಮಕ್ಕಳನ್ನು ಕಳಿಸಿದ್ದು ಅಗೌರವಕ್ಕೆ, ಗದ್ದಲಕ್ಕೆ, ಬೆದರಿಕೆಗೆ. ಸಿಗರೇಟು ಸೇದಿದನೋ ಇಲ್ಲವೋ ಎನ್ನುವುದಕ್ಕೆ ಸಾಕ್ಷಿ ಕೇಳಬಹುದು. ಅಗೌರವಕ್ಕೆ ಸಾಕ್ಷಿ ನೋಡಿದವರ ಮನಸ್ಸು ಮಾತ್ರ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತೇವಲ್ಲ, ಇಲ್ಲಿ ಸುಣ್ಣ ಹಚ್ಚಿದವರಿಗೂ ತಾವು ಹಚ್ಚುತ್ತಿದ್ದೇವೆಂಬ ಅರಿವಿರದೆ ಹೋಗಿರಬಹುದು. ಕೈಪಿಡಿ ಅವರಿಗೆ ಆ ನಿಶ್ಚಿಂತೆಯನ್ನು ಕೊಟ್ಟಿತ್ತು.

ಯಾವುದೇ ವಿಶ್ವಕೋಶ ಲೇಖನ ಈ ಎರಡು ಅಧ್ಯಯನಗಳನ್ನು ‘ಟೀಕೆಗಳು’ ಎಂಬ ಉಪಶೀರ್ಷಿಕೆಯ ಅಡಿ ಕೊನೆಗೆ ತಳ್ಳಿದ್ದರೆ, ಅದು ಬೇಕೆಂದೇ ಅಲ್ಲದಿದ್ದರೂ ಅನ್ಯಾಯ ಮಾಡಿದೆ ಎಂದೇ ಹೇಳುತ್ತೇನೆ. ಇವು ನೀತಿ ಹೇಗೆ ಜಾರಿಯಾಯಿತು ಎಂಬುದರ ವರ್ಣನೆ. ಅವುಗಳ ಸ್ಥಾನ ಲೇಖನದ ನಡುಮನೆ. ಅಮೆರಿಕದ ಮನಶ್ಶಾಸ್ತ್ರ ಸಂಘ ನೇಮಿಸಿದ ಕಾರ್ಯಪಡೆಯೂ, ಸಂಘದ ಪತ್ರಿಕೆ 2008ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ, ಲಭ್ಯ ಸಂಶೋಧನೆಯನ್ನೆಲ್ಲ ಜಾಲಾಡಿ, ಈ ನೀತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವು ಎನ್ನುವುದಕ್ಕೆ ಆಧಾರ ಸಿಗುತ್ತಿಲ್ಲ ಎಂದಿತು. ಸಸ್ಪೆನ್ಷನ್ ಹೆಚ್ಚಿರುವ ಶಾಲೆಗಳ ವಾತಾವರಣ ಒಳ್ಳೆಯದೆಂದು ಕಂಡುಬಂದಿಲ್ಲ ಎಂದೂ ಹೇಳಿತು. ಇಂಥ ವರದಿಯ ಎದುರಿಗೆ ಯಾವನೋ ಅಧಿಕಾರಿಯ ಒಂದು ಹೇಳಿಕೆಯನ್ನು ಇಟ್ಟು, ‘ಪರ’ಕ್ಕೆ ಐದು ಸಾಲು, ‘ವಿರೋಧ’ಕ್ಕೆ ಐದು ಸಾಲು ಎಂದು ತಕ್ಕಡಿ ಸರಿದೂಗಿಸಿದರೆ ಓದುಗನಿಗೆ ಸಿಗುವುದು ಸುಳ್ಳು ಸಮತೋಲ. ತೂಕ ಆಧಾರಕ್ಕೆ ತಕ್ಕಂತೆ ಇರಬೇಕು ಎಂದು ವಿಕಿಪೀಡಿಯದ ನಿಯಮವೇ ಹೇಳುತ್ತದೆ.

ಆಧಾರವನ್ನು ಓದುವ ಬಗೆಯಲ್ಲೂ ಎಚ್ಚರ ಬೇಕು. ವಿವೇಚನೆಯ ಶಿಕ್ಷೆಗೆ ಒಳಗಾದ ಟೆಕ್ಸಸ್‌ನ ಮಗು ಮರುವರ್ಷ ಬಾಲನ್ಯಾಯ ವ್ಯವಸ್ಥೆಯ ಕೈಗೆ ಸಿಗುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚು. ಇದನ್ನು ಓದಿದವರೆಲ್ಲ ಸಸ್ಪೆನ್ಷನ್ನೇ ಜೈಲಿಗೆ ದಾರಿ ಎಂದು ಬರೆದುಬಿಡುತ್ತಾರೆ. ಮೊದಲೇ ತೊಂದರೆಯಲ್ಲಿದ್ದ ಮಗುವಿಗೆ ಎರಡೂ ಬಂದಿರಬಹುದಲ್ಲ? ಆ ಅನುಮಾನಕ್ಕೆ ಉತ್ತರ ಕೊಡುವ ಕೆಲಸ ನಾರ್ತ್ ಕ್ಯಾರೊಲೈನಾದ ಶಾರ್ಲಟ್ ನಗರದಲ್ಲಿ ನಡೆಯಿತು. 2002ರಲ್ಲಿ ಅಲ್ಲಿನ ಶಾಲೆಗಳ ಗಡಿಗೆರೆಗಳನ್ನು ಹೊಸದಾಗಿ ಎಳೆದರು. ಒಂದೇ ಕೇರಿಯಲ್ಲಿ ಬೆಳೆದ ಮಕ್ಕಳು ಗೆರೆಯ ಆಚೆಗೊಬ್ಬರು ಈಚೆಗೊಬ್ಬರಾಗಿ ಬೇರೆಬೇರೆ ಶಾಲೆಗೆ ಸೇರಿದರು. ಹೆಚ್ಚು ಕಟ್ಟುನಿಟ್ಟಿನ ಶಾಲೆಗೆ ಸೇರಿದ ಮಕ್ಕಳು ದೊಡ್ಡವರಾದ ಮೇಲೆ ಬಂಧನಕ್ಕೆ, ಸೆರೆವಾಸಕ್ಕೆ ಒಳಗಾಗುವ ಸಂಭವ 15ರಿಂದ 20 ಪ್ರತಿಶತ ಹೆಚ್ಚಿತ್ತೆಂದು ಬೇಕರ್-ಹಿಕ್ಸ್, ಬಿಲಿಂಗ್ಸ್, ಡೆಮಿಂಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2019ರಲ್ಲಿ ಕಂಡರು. ಮೂರು ಪಟ್ಟು ಎನ್ನುವುದರ ಮುಂದೆ ಈ ಅಂಕಿ ಚಿಕ್ಕದು. ಆದರೆ ಕಾರಣವನ್ನು ಸಾಧಿಸುವ ಶಕ್ತಿ ಇದಕ್ಕಿದೆ. ದೊಡ್ಡ ಅಂಕಿಯನ್ನು ಬಿಟ್ಟು ಗಟ್ಟಿ ಅಂಕಿಯನ್ನು ಹಿಡಿಯುವ ಲೇಖಕನನ್ನು ನಾನು ನಂಬುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ನೀತಿಯನ್ನು ಬೆಂಬಲಿಸಿದವರನ್ನು ಖಳರಂತೆ ಚಿತ್ರಿಸಿದರೆ ಆ ಲೇಖನವೂ ನನಗೆ ಸಮ್ಮತವಲ್ಲ. ಶಿಕ್ಷಕರ ಒಕ್ಕೂಟದ ಮುಂದಾಳು ಆಲ್ಬರ್ಟ್ ಶ್ಯಾಂಕರ್ 1990ರ ದಶಕದಲ್ಲಿ ಇದರ ಪರವಾಗಿ ನಿಂತರು. ಅವರ ಚಿಂತೆ ಉಳಿದ ಮಕ್ಕಳದ್ದಾಗಿತ್ತು. ಒಬ್ಬ ದಿನವೂ ಗದ್ದಲ ಎಬ್ಬಿಸಿದರೆ ಪಾಠ ಕಳೆದುಕೊಳ್ಳುವವರು ಪಕ್ಕದ ಬೆಂಚಿನವರು. ಅವರೂ ಬಹುಪಾಲು ಬಡವರ ಮಕ್ಕಳೇ. ಎಲ್ಲರಿಗೂ ಒಂದೇ ನಿಯಮವಿದ್ದರೆ ಪಕ್ಷಪಾತಕ್ಕೆ ಎಡೆಯಿರುವುದಿಲ್ಲ ಎಂಬುದೂ ಆಗಿನ ಪ್ರಾಮಾಣಿಕ ನಂಬಿಕೆ. ನಲವತ್ತು ಮಕ್ಕಳ ಎದುರಿಗೆ ಒಬ್ಬರೇ ನಿಂತು ಪಾಠ ಮಾಡಿದವರಿಗೆ ಈ ವಾದದ ಬಿಸಿ ತಟ್ಟದೆ ಇರದು.

ಪರ್ಯಾಯಗಳ ಫಲವೂ ಹೊಗಳಿದಷ್ಟು ಸರಳವಲ್ಲ. ತಪ್ಪು ಮಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸಿ ಸಂಬಂಧವನ್ನು ಸರಿಪಡಿಸುವ ಪದ್ಧತಿಯನ್ನು ಪಿಟ್ಸ್‌ಬರ್ಗ್‌ನ ಶಾಲೆಗಳಲ್ಲಿ ಜಾರಿಗೆ ತಂದರು. ಕೆಲವು ಶಾಲೆಗಳಿಗೆ ಕೊಟ್ಟು, ಕೆಲವಕ್ಕೆ ಕೊಡದೆ, ಹೋಲಿಸಿ ನೋಡಿದ ರ‍್ಯಾಂಡ್ ಸಂಸ್ಥೆಯ 2018ರ ವರದಿಯಲ್ಲಿ ಸಸ್ಪೆನ್ಷನ್ ಇಳಿದಿತ್ತು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರು ಹೇಳಿದ್ದರು. ಆರರಿಂದ ಎಂಟನೇ ತರಗತಿಯವರ ಕಲಿಕೆ ಮಾತ್ರ ಕುಸಿದಿತ್ತು. ಕಠಿಣ ಶಿಸ್ತನ್ನು ನಾನು ಒಪ್ಪುವುದಿಲ್ಲ, ಆದರೂ ಈ ಸಾಲನ್ನು ಲೇಖನದಲ್ಲಿ ಕಾಣಲು ಬಯಸುತ್ತೇನೆ. ನನಗೆ ಬೇಕಾದ ಫಲವನ್ನಷ್ಟೇ ಬರೆದ ಪುಟದಿಂದ ನಾಳೆ ಯಾವ ಹೆಡ್‌ಮಾಸ್ಟರಿಗೂ ಉಪಯೋಗವಿಲ್ಲ. ನೀತಿಯ ಮುಂದಿನ ಗತಿಯನ್ನೂ ಪೂರ್ತಿ ಹೇಳಬೇಕು: ಶಿಸ್ತಿನಲ್ಲಿ ಜನಾಂಗ ತಾರತಮ್ಯ ಕೂಡದೆಂದು ಒಬಾಮ ಸರ್ಕಾರ 2014ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು, ಟ್ರಂಪ್ ಸರ್ಕಾರ 2018ರ ಡಿಸೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಕನ್ನಡ ವಿಕಿಪೀಡಿಯಕ್ಕೆ ಯಾರಾದರೂ ಈ ಲೇಖನ ಬರೆಯಲು ಹೊರಟರೆ ಇಂಗ್ಲಿಷ್ ಪುಟವನ್ನು ಸಾಲಿಗೆ ಸಾಲು ತಿರುಗಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಶಿವರಾಮ ಕಾರಂತರು ಮಕ್ಕಳಿಗಾಗಿ ಒಬ್ಬರೇ ಕೂತು ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದ ನಾಡು ನಮ್ಮದು. ಓದುವ ಮಗು ಯಾರು ಎಂದು ಕಣ್ಣಮುಂದೆ ಇಟ್ಟುಕೊಂಡು ಬರೆದ ಪರಂಪರೆ ಅದು. ನಮ್ಮ ಓದುಗನಿಗೆ ಕೂಡಲೇ ಏಳುವ ಪ್ರಶ್ನೆ, ಇಲ್ಲಿ ಹೇಗೆ? ನಮ್ಮ ಶಿಕ್ಷಣ ಹಕ್ಕು ಕಾಯ್ದೆ, 2009, ಇದಕ್ಕೆ ತೀರ ಬೇರೆ ದಿಕ್ಕಿನಿಂದ ಬಂದಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಉಚ್ಚಾಟಿಸುವಂತಿಲ್ಲ ಎನ್ನುತ್ತದೆ ಅದರ 16ನೇ ಕಲಮು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 17ನೆಯದು ನಿಷೇಧಿಸುತ್ತದೆ. ಅಮೆರಿಕದಲ್ಲಾದರೋ ಶಾಲೆಯಲ್ಲಿ ಹೊಡೆಯುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದ್ದು ಇನ್ನೂ ಊರ್ಜಿತದಲ್ಲಿದೆ, ಹಲವು ರಾಜ್ಯಗಳಲ್ಲಿ ಅದಕ್ಕೆ ಅನುಮತಿಯಿದೆ. ಕಾನೂನಿನ ಪುಸ್ತಕದಲ್ಲಿ ನಾವು ಮುಂದಿದ್ದೇವೆ. ತರಗತಿಯೊಳಗಿನ ಮಾತು ಬೇರೆ ಎಂಬುದು ಇಲ್ಲಿ ಓದಿದವರಿಗೆಲ್ಲ ಗೊತ್ತು.

ಪದಗಳ ಆಯ್ಕೆಯಲ್ಲೂ ಆ ಲೇಖಕರಿಗೆ ಒಂದು ಕಷ್ಟ ಕಾದಿದೆ. ಕ್ಯಾಲಿಫೋರ್ನಿಯದ ಶಾಲಾ ಕಾನೂನಿನಲ್ಲಿ ವಿಲ್‌ಫುಲ್ ಡಿಫಯನ್ಸ್ ಎಂಬ ತಪ್ಪು ಇತ್ತು. ಬೇಕೆಂದೇ ಮಾಡಿದ ಧಿಕ್ಕಾರ ಎನ್ನಬಹುದು. ನಮ್ಮಲ್ಲಿ ಅದನ್ನೇ ‘ಎದುರು ಮಾತಾಡ್ತಾನೆ’, ‘ಸೊಕ್ಕು ಜಾಸ್ತಿ’ ಎನ್ನುತ್ತಾರೆ. ಸ್ಕಿಬಾ ಕಂಡ ಅಗೌರವದ ಹಾಗೆಯೇ ಇದೂ ನೋಡುವವರ ಕಣ್ಣಿನಲ್ಲಿ ಹುಟ್ಟುವ ತಪ್ಪು. ಟೋಪಿ ತೆಗೆಯದಿದ್ದರೂ, ಫೋನು ಒಳಗಿಡದಿದ್ದರೂ, ಕಣ್ಣು ತಿರುಗಿಸಿದರೂ ಅದರೊಳಗೆ ಸೇರಿಸಬಹುದಿತ್ತು. ಲಾಸ್ ಏಂಜಲೀಸ್‌ನ ಶಾಲಾ ಮಂಡಳಿ 2013ರ ಮೇ ತಿಂಗಳಲ್ಲಿ ಆ ಕಾರಣಕ್ಕೆ ಸಸ್ಪೆಂಡ್ ಮಾಡುವುದನ್ನು ನಿಲ್ಲಿಸಿತು. ಮರುವರ್ಷ ರಾಜ್ಯವು ಮೂರನೇ ತರಗತಿಯವರೆಗೆ ನಿಷೇಧಿಸಿತು, 2019ರ ಕಾನೂನು ಎಂಟನೇ ತರಗತಿಯವರೆಗೆ ಅದನ್ನು ವಿಸ್ತರಿಸಿತು, 2024ರ ಜುಲೈಯಿಂದ ಹೈಸ್ಕೂಲಿನವರಿಗೂ ಅದು ಅನ್ವಯಿಸಿದೆ. ಶಿಕ್ಷಕರು ಅಂಥ ಮಗುವನ್ನು ಈಗಲೂ ತರಗತಿಯಿಂದ ಎಬ್ಬಿಸಿ ಆಫೀಸಿಗೆ ಕಳಿಸಬಹುದು. ಶಾಲೆ ಅದನ್ನು ಮನೆಗೆ ಅಟ್ಟುವಂತಿಲ್ಲ, ಬದಲಿಗೆ ಏನು ಮಾಡಿದೆವೆಂದು ಅಲ್ಲಿನವರು ಕೆಲವೇ ದಿನಗಳೊಳಗೆ ಬರೆದಿಡಬೇಕು.